ಝೋನ್ ರನ್ ಕಲಿಸುವುದು ಹೇಗೆ? ಮೊದಲ ಎರಡು ಹೆಜ್ಜೆಯಿಂದ ಶುರು ಮಾಡಿ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾನು ಲೈನ್ ಕೋಚ್ ಆದ ಮೊದಲ ವರ್ಷ, ಅಂದರೆ ಮುಂದೆ ಸಾಲಾಗಿ ನಿಂತು ಎದುರಾಳಿಗಳನ್ನು ತಡೆಯುವ ಐವರಿಗೆ ಕಲಿಸಲು ಶುರು ಮಾಡಿದ ವರ್ಷ, ಮಕ್ಕಳಿಗೆ ಒಂಬತ್ತು ರನ್ನಿಂಗ್ ಪ್ಲೇ (ಚೆಂಡು ಹಿಡಿದು ಓಡುವ ಯೋಜನೆ) ಕಲಿಸಿದೆ. ಎಲ್ಲರೂ 12, 13 ವರ್ಷದ ಹುಡುಗರು. ಮೂರನೇ ಪಂದ್ಯದಲ್ಲಿ ಸ್ನ್ಯಾಪ್ ಆದ ಮೇಲೂ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದ ಮೇಲೂ, ಆ ಐವರಲ್ಲೊಬ್ಬನಾದ ನಮ್ಮ ಲೆಫ್ಟ್ ಗಾರ್ಡ್ ಬಗ್ಗಿ ನಿಂತಲ್ಲೇ ನಿಂತಿದ್ದ. ಎದುರಿನವನು ಅವನ ಪಕ್ಕದಿಂದ ನುಗ್ಗಿ ನಮ್ಮ ರನ್ನಿಂಗ್ ಬ್ಯಾಕ್‌ನನ್ನು ಚೆಂಡು ಕೈಗೆ ಸಿಕ್ಕ ಗಳಿಗೆಯಲ್ಲೇ ಕೆಡವಿದ. ಆಟ ಮುಗಿದ ಮೇಲೆ ಆ ಹುಡುಗನನ್ನು ಕರೆದು ಏನಾಯ್ತು ಅಂತ ಕೇಳಿದೆ. "ಯಾರನ್ನು ತಡೀಬೇಕು ಅಂತ ಯೋಚಿಸ್ತಾ ಇದ್ದೆ ಕೋಚ್" ಅಂದ. ತಪ್ಪು ಅವನದಲ್ಲ, ನನ್ನದು. ಅಷ್ಟೊಂದು ಪ್ಲೇ ತಲೆಗೆ ತುಂಬಿ ಅವನ ಕಾಲು ಕಟ್ಟಿ ಹಾಕಿದವನು ನಾನೇ.

ಮುಂದಿನ ವರ್ಷ ಎಂಟನ್ನು ಬಿಟ್ಟು ಒಂದನ್ನೇ ಉಳಿಸಿಕೊಂಡೆ. ಅದೇ ಇನ್‌ಸೈಡ್ ಝೋನ್, ಲೈನ್‌ನ ನಡುಭಾಗದ ಕಡೆಗೆ ಓಡುವ ಝೋನ್ ರನ್. ಅಮೆರಿಕದಲ್ಲಿ ಮಕ್ಕಳನ್ನು ಮೈದಾನಕ್ಕೆ ಬಿಡಲು ಹೋಗಿ, "ಸ್ವಲ್ಪ ಕೈ ಜೋಡಿಸ್ತೀರಾ?" ಅಂತ ಕೇಳಿದ್ದಕ್ಕೆ ಹೂಂ ಅಂದು ಕೋಚಿಂಗ್‌ಗೆ ಇಳಿದ ಕನ್ನಡದ ಅಪ್ಪ ಅಮ್ಮಂದಿರು ಈಗ ಅಲ್ಲಲ್ಲಿ ಸಿಗುತ್ತಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆಟದ ಮೂಲ ನಿಯಮ, ಅಂದರೆ ನಾಲ್ಕು ಡೌನ್‌ನಲ್ಲಿ (ಯತ್ನದಲ್ಲಿ) 10 ಗಜ ಮುಂದೆ ಹೋಗಬೇಕು ಅನ್ನುವುದು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ.

ಆಳಲ್ಲ, ಜಾಗ

ಪವರ್, ಕೌಂಟರ್ ತರಹದ ಓಟಗಳಲ್ಲಿ ಪ್ರತಿ ಲೈನ್‌ಮನ್‌ಗೂ ಒಬ್ಬ ಆಳನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ನೀನು ಇವನನ್ನು ಒತ್ತು, ನೀನು ಹಿಂದೆ ಸರಿದು ಸುತ್ತಿ ಬಂದು ಅವನನ್ನು ಗುದ್ದು ಅಂತ. ಒಳ್ಳೆಯ ಪ್ಲೇಗಳೇ. ಆದರೆ ಸ್ನ್ಯಾಪ್ ಆದ ಕೂಡಲೇ ಡಿಫೆನ್ಸ್‌ನವರು ಪಕ್ಕಕ್ಕೆ ಜಿಗಿದರೆ ಮಕ್ಕಳ ಲೆಕ್ಕ ತಪ್ಪುತ್ತದೆ. ಝೋನ್‌ನಲ್ಲಿ ಹಾಗಿಲ್ಲ. ಐದೂ ಜನ ಒಂದೇ ದಿಕ್ಕಿಗೆ, ಒಂದೇ ಹೊತ್ತಿಗೆ, ಒಂದೇ ತರಹದ ಹೆಜ್ಜೆ ಇಡುತ್ತಾರೆ. ನನ್ನ ಜಾಗಕ್ಕೆ ಯಾರು ಬರುತ್ತಾನೋ ಅವನು ನನ್ನವನು. ಯಾರೂ ಬರದಿದ್ದರೆ ಪಕ್ಕದವನ ಜೊತೆ ಸೇರಿ ಒತ್ತುತ್ತೇನೆ. ದಾರಿ ಎಲ್ಲಿ ತೆರೆಯುತ್ತದೆ ಅನ್ನುವುದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಹುಡುಕುವುದು ರನ್ನಿಂಗ್ ಬ್ಯಾಕ್ ಕೆಲಸ.

ಕಡಿಮೆ ಪ್ಲೇ, ಜಾಸ್ತಿ ಅಭ್ಯಾಸ ಅನ್ನುವ ಈ ದಾರಿಗೆ ದೊಡ್ಡ ಹೆಸರು ತಂದವರು ಅಲೆಕ್ಸ್ ಗಿಬ್ಸ್. 1995ರಲ್ಲಿ ಅವರು ಡೆನ್ವರ್ ಬ್ರಾಂಕೋಸ್ ಎಂಬ ವೃತ್ತಿಪರ ತಂಡದ ಲೈನ್ ಕೋಚ್ ಆದರು. ಹೆಡ್ ಕೋಚ್ ಮೈಕ್ ಶಾನಹನ್. ಅದೇ ವರ್ಷ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಆರನೇ ಸುತ್ತಿನಲ್ಲಿ, 196ನೇ ಆಯ್ಕೆಯಾಗಿ ಟೆರೆಲ್ ಡೇವಿಸ್ ಎಂಬ ರನ್ನಿಂಗ್ ಬ್ಯಾಕ್ ಬಂದ. ಅಷ್ಟು ಕೆಳಗೆ ಆಯ್ಕೆಯಾದವನು ತಂಡದಲ್ಲಿ ಉಳಿಯುವುದೇ ಕಷ್ಟ. 1998ರಲ್ಲಿ ಅವನು 2,008 ಗಜ ಓಡಿದ. ತಂಡ ಸತತ ಎರಡು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್ ಪಂದ್ಯ, ಗೆದ್ದಿತು. ಡೇವಿಸ್ ಗಾಯಗೊಂಡ ಮೇಲೆ ಒಲ್ಯಾಂಡಿಸ್ ಗ್ಯಾರಿ, ಮೈಕ್ ಆಂಡರ್ಸನ್, ಕ್ಲಿಂಟನ್ ಪೋರ್ಟಿಸ್ ಹೀಗೆ ಒಬ್ಬರಾದ ಮೇಲೊಬ್ಬರು ಬಂದರು, ಒಬ್ಬೊಬ್ಬರೂ ಸೀಸನ್‌ಗೆ ಸಾವಿರ ಗಜ ದಾಟಿದರು. ಓಡುವವನು ಬದಲಾದರೂ ಓಟ ನಿಲ್ಲಲಿಲ್ಲ. ಗಿಬ್ಸ್ ಲೈನ್‌ಮನ್‌ಗಳು ಆ ಕಾಲದ ಬೇರೆ ತಂಡಗಳವರಿಗಿಂತ ಹಗುರ. ಆದರೆ ಕಾಲು ಚುರುಕು, ಐವರೂ ಒಟ್ಟಿಗೆ ಚಲಿಸುತ್ತಿದ್ದರು. ನಮ್ಮ ಮಕ್ಕಳ ತಂಡಕ್ಕೆ ದೈತ್ಯರು ಸಿಗುವುದಿಲ್ಲ. ಆದರೆ ಒಟ್ಟಿಗೆ ಹೆಜ್ಜೆ ಇಡುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು.

ಮೊದಲ ದಿನ: ಚೆಂಡು ಬೇಡ, ಒಂದು ಪ್ರಶ್ನೆ ಸಾಕು

ಐವರನ್ನು ಸಾಲಾಗಿ ನಿಲ್ಲಿಸಿ. ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ಆಚೆ ಟ್ಯಾಕಲ್‌ಗಳು. ಒಬ್ಬನ ಪಾದಕ್ಕೂ ಇನ್ನೊಬ್ಬನ ಪಾದಕ್ಕೂ ನಡುವೆ ಸುಮಾರು 2 ಅಡಿ. ಈ ಸಂದಿಗಳಿಗೆ ಹೆಸರಿದೆ. ಸೆಂಟರ್ ಮತ್ತು ಗಾರ್ಡ್ ನಡುವಿನದು ಎ ಗ್ಯಾಪ್, ಗಾರ್ಡ್ ಮತ್ತು ಟ್ಯಾಕಲ್ ನಡುವಿನದು ಬಿ ಗ್ಯಾಪ್, ಟ್ಯಾಕಲ್‌ನ ಆಚೆಯದು ಸಿ ಗ್ಯಾಪ್. ಎಡಕ್ಕೂ ಬಲಕ್ಕೂ ಅದೇ ಹೆಸರು.

ಈಗ ಪ್ರತಿಯೊಬ್ಬನೂ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. "ನನ್ನ ಮುಂದೆ, ಅಥವಾ ಓಟ ಹೋಗುವ ಕಡೆಯ ನನ್ನ ಸಂದಿಯಲ್ಲಿ, ಕೈ ನೆಲಕ್ಕೂರಿದ ಎದುರಾಳಿ ಇದ್ದಾನಾ?" ಇದ್ದರೆ ನಾನು ಕವರ್ಡ್. ಇಲ್ಲದಿದ್ದರೆ ಅನ್‌ಕವರ್ಡ್. ಕವರ್ಡ್ ಆದವನು ಎದುರಿನವನನ್ನು ಎದುರಿಸುತ್ತಾನೆ. ಅನ್‌ಕವರ್ಡ್ ಆದವನು ಪಕ್ಕದವನಿಗೆ ನೆರವಾಗುತ್ತಾನೆ, ಆಮೇಲೆ ಹಿಂದೆ ನಿಂತ ಲೈನ್‌ಬ್ಯಾಕರ್ ಕಡೆ ಏರುತ್ತಾನೆ. ಯಾವ ಪಕ್ಕದವನಿಗೆ ಅನ್ನುವುದನ್ನು ಸೆಂಟರ್ ಸ್ನ್ಯಾಪ್‌ಗೆ ಮೊದಲು ಕೂಗಿ ಹೇಳುತ್ತಾನೆ.

ಒಂದು ಉದಾಹರಣೆಯನ್ನು ಕೊನೆವರೆಗೂ ಇಟ್ಟುಕೊಳ್ಳೋಣ. ಓಟ ಬಲಕ್ಕೆ. ಎದುರು ನಾಲ್ವರು ಕೈ ಊರಿದ್ದಾರೆ, ಹಿಂದೆ ಇಬ್ಬರು ಲೈನ್‌ಬ್ಯಾಕರ್‌ಗಳು. ನೋಸ್ ಅನ್ನುವವನು ಸೆಂಟರ್ ಮತ್ತು ರೈಟ್ ಗಾರ್ಡ್ ನಡುವಿನ ಸಂದಿಯಲ್ಲಿದ್ದಾನೆ. ಇನ್ನೊಬ್ಬ ನಮ್ಮ ಲೆಫ್ಟ್ ಗಾರ್ಡ್‌ನ ಹೊರ ಭುಜದ ಮೇಲೆ. ಎರಡೂ ತುದಿಯಲ್ಲಿ ಒಬ್ಬೊಬ್ಬ ಎಂಡ್.

ರೈಟ್ ಟ್ಯಾಕಲ್ ಬಲಗಡೆ ಎಂಡ್‌ನನ್ನು ಒಬ್ಬನೇ ನೋಡಿಕೊಳ್ಳುತ್ತಾನೆ. ಸೆಂಟರ್ ಮತ್ತು ರೈಟ್ ಗಾರ್ಡ್ ಸೇರಿ ನೋಸ್‌ನನ್ನು ಒತ್ತುತ್ತಾರೆ, ಅವರಲ್ಲೊಬ್ಬ ಬಲಗಡೆ ಲೈನ್‌ಬ್ಯಾಕರ್‌ನತ್ತ ಹೋಗುತ್ತಾನೆ. ಲೆಫ್ಟ್ ಗಾರ್ಡ್ ಮತ್ತು ಲೆಫ್ಟ್ ಟ್ಯಾಕಲ್ ಸೇರಿ ಇನ್ನೊಬ್ಬ ಒಳಗಿನವನನ್ನು ಒತ್ತುತ್ತಾರೆ, ಅವರಲ್ಲೊಬ್ಬ ಎಡಗಡೆ ಲೈನ್‌ಬ್ಯಾಕರ್‌ಗೆ. ಎದುರಿಗೆ ಆರು ಜನ, ನಮ್ಮವರು ಐವರು. ಎಡತುದಿಯ ಎಂಡ್‌ನನ್ನು ಯಾರೂ ಮುಟ್ಟುವುದಿಲ್ಲ. ಅವನ ವಿಷಯ ಆಮೇಲೆ ಹೇಳುತ್ತೇನೆ.

ಮೊದಲ ದಿನ ಇಷ್ಟೇ. ಎದುರಾಳಿಗಳ ಜಾಗದಲ್ಲಿ ಕಸದ ಡಬ್ಬಿ ಇಡಿ, ಕೋನ್ ಇಡಿ, ಬೆನ್ನುಚೀಲವಾದರೂ ಸರಿ. ಅವುಗಳನ್ನು ಅತ್ತಿತ್ತ ಸರಿಸಿ ಒಬ್ಬೊಬ್ಬನನ್ನೂ ಕೇಳಿ: "ನೀನು ಕವರ್ಡಾ? ನಿನ್ನ ಜೊತೆಗಾರ ಯಾರು?" ಉತ್ತರ ಬಾಯಿಗೆ ತಕ್ಷಣ ಬರುವವರೆಗೆ ಯಾರನ್ನೂ ಗುದ್ದಲು ಬಿಡಬೇಡಿ.

ಕಾಲು

ಬಲಕ್ಕೆ ಓಟವಾದರೆ ಮೊದಲ ಹೆಜ್ಜೆ ಬಲಗಾಲಿನದು. ಚಿಕ್ಕದು, 6 ಇಂಚು ಸಾಕು, ಮುಂದಕ್ಕೆ ಮತ್ತು ಬಲಕ್ಕೆ ಓರೆಯಾಗಿ. ಎರಡನೇ ಹೆಜ್ಜೆ ಎಡಗಾಲು, ಎದುರಾಳಿಯ ಎರಡು ಕಾಲುಗಳ ನಡುವಿನ ನೆಲಕ್ಕೆ. ಈ ಎರಡನೇ ಕಾಲು ನೆಲ ಮುಟ್ಟುವ ಹೊತ್ತಿಗೆ ಕೈಗಳು ಎದುರಾಳಿಯ ಎದೆಗೆ ತಾಗಿರಬೇಕು. ಮಕ್ಕಳು ಮೊದಲ ಹೆಜ್ಜೆಯನ್ನು ಉದ್ದ ಹಾಕಿಬಿಡುತ್ತಾರೆ. ಉದ್ದ ಹಾಕಿದವನು ಒಂಟಿ ಕಾಲಿನ ಮೇಲೆ ಇರುವಾಗಲೇ ಪೆಟ್ಟು ಬೀಳುತ್ತದೆ, ಹಿಂದಕ್ಕೆ ಬೀಳುತ್ತಾನೆ.

ನಾನು ಹುಲ್ಲಿನ ಮೇಲೆ ಸುಣ್ಣದ ಪುಡಿಯಿಂದ ಪಾದದ ಗುರುತು ಹಾಕುತ್ತೇನೆ. ನಿಂತ ಜಾಗಕ್ಕೆ ಎರಡು, ಮೊದಲ ಹೆಜ್ಜೆಗೆ ಒಂದು, ಎರಡನೆಯದಕ್ಕೆ ಒಂದು. ಮೊದಲ ವಾರ ಹುಡುಗರು ಕೆಳಗೆ ನೋಡುತ್ತಾರೆ, ನೋಡಲಿ ಬಿಡಿ. ಎರಡನೇ ವಾರ ನಾನು ಎದುರು ನಿಂತು ಬೆರಳು ತೋರಿಸುತ್ತೇನೆ, ಹೆಜ್ಜೆ ಇಡುತ್ತಲೇ ಎಷ್ಟು ಬೆರಳು ಅಂತ ಕೂಗಬೇಕು. ಆಗ ತಾನಾಗಿಯೇ ತಲೆ ಮೇಲೇಳುತ್ತದೆ.

ತಲೆ ಮೇಲೆ ಇರಬೇಕು ಅನ್ನುವುದು ಬರೀ ಆಟದ ಮಾತಲ್ಲ. ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಗುದ್ದುವ ಹುಡುಗನ ಕತ್ತಿಗೆ ಅಪಾಯ. ನನ್ನ ಅಭ್ಯಾಸದಲ್ಲಿ ಯಾರ ಹೆಲ್ಮೆಟ್ ಮೊದಲು ತಾಗುತ್ತದೋ ಅವನ ಸರದಿ ಅಲ್ಲಿಗೆ ನಿಲ್ಲುತ್ತದೆ, ಮತ್ತೆ ಸುಣ್ಣದ ಗುರುತಿಗೆ ಹೋಗುತ್ತಾನೆ. ತಲೆಗೆ ಪೆಟ್ಟು ಬಿದ್ದು ಒಂದಿಷ್ಟು ಮಂಕಾದಂತೆ ಕಂಡರೂ ಆ ದಿನ ಅವನು ಮತ್ತೆ ಆಡುವಂತಿಲ್ಲ. ವೈದ್ಯರು ಸರಿ ಅನ್ನುವವರೆಗೆ ಮೈದಾನಕ್ಕೆ ಇಳಿಯುವಂತಿಲ್ಲ. ಇದರಲ್ಲಿ ಯಾವ ಅಪ್ಪನ ಒತ್ತಾಯಕ್ಕೂ ಬಗ್ಗಬೇಡಿ. ಇನ್ನೊಂದು ಮಾತು: ದೊಡ್ಡವರ ಝೋನ್ ಆಟದಲ್ಲಿ ಎದುರಾಳಿಯ ಮೊಣಕಾಲಿನ ಕಡೆಗೆ ಬಿದ್ದು ತಡೆಯುವ ಕಟ್ ಬ್ಲಾಕ್ ಅಂತ ಇತ್ತು, ಡೆನ್ವರ್ ತಂಡ ಅದಕ್ಕೆ ಹೆಸರುವಾಸಿಯೂ ಆಗಿತ್ತು. ಮಕ್ಕಳಿಗೆ ಅದನ್ನು ಕಲಿಸಲೇಬೇಡಿ.

ಇಬ್ಬರು ಸೇರಿ ಒಬ್ಬನನ್ನು

ಝೋನ್ ಓಟದ ಜೀವ ಇರುವುದು ಇಲ್ಲೇ. ಇದಕ್ಕೆ ಕಾಂಬೊ ಅನ್ನುತ್ತಾರೆ. ಅಭ್ಯಾಸದ ಅರ್ಧ ಹೊತ್ತು ಇದಕ್ಕೇ ಕೊಡಿ ಅಂದರೂ ಜಾಸ್ತಿ ಆಗಲಿಲ್ಲ.

ಕಬಡ್ಡಿಯಲ್ಲಿ ಕೈ ಕೈ ಹಿಡಿದ ಇಬ್ಬರನ್ನು ನೆನಪಿಸಿಕೊಳ್ಳಿ. ರೈಡರ್ ಎತ್ತ ಸರಿದರೂ ಆ ಚೈನ್ ಬಿಡುವುದಿಲ್ಲ, ಇಬ್ಬರ ಕಾಲೂ ಒಟ್ಟಿಗೆ ಸರಿಯುತ್ತವೆ. ಯಾವಾಗ ಕೈ ಬಿಟ್ಟು ನುಗ್ಗಬೇಕು ಅನ್ನುವುದು ಮಾತಿಲ್ಲದೆ ಇಬ್ಬರಿಗೂ ತಿಳಿಯುತ್ತದೆ. ಇಲ್ಲಿ ಹಿಡಿಯುವುದು ಕೈ ಅಲ್ಲ, ಸೊಂಟ. ಸೆಂಟರ್‌ನ ಬಲ ಸೊಂಟ, ಗಾರ್ಡ್‌ನ ಎಡ ಸೊಂಟ ಒಂದಕ್ಕೊಂದು ಅಂಟಿರಬೇಕು. ನಡುವೆ ಬೆಳಕು ಕಂಡರೆ ನೋಸ್ ಆ ಬೆಳಕಿನಲ್ಲೇ ನುಗ್ಗುತ್ತಾನೆ.

ನಾನು ಮಾಡುವ ಅಭ್ಯಾಸ ಹೀಗೆ. ಒಂದು ಸಣ್ಣ ಟವೆಲ್ ಮಡಿಸಿ ಇಬ್ಬರ ಸೊಂಟದ ನಡುವೆ ಸಿಕ್ಕಿಸುತ್ತೇನೆ. ಎದುರಿಗೆ ದಪ್ಪ ಪ್ಯಾಡ್ ಹಿಡಿದ ಹುಡುಗ. "ಹೋಗಿ" ಅಂದ ಕೂಡಲೇ ಇಬ್ಬರೂ ಹೆಜ್ಜೆ ಇಟ್ಟು ಪ್ಯಾಡನ್ನು ಹಿಂದಕ್ಕೆ ಒತ್ತಬೇಕು, ಟವೆಲ್ ಬೀಳಬಾರದು. ಮೊದಲ ದಿನ ಒಂದು ಗಜ ಹೋಗುವಷ್ಟರಲ್ಲಿ ಬೀಳುತ್ತದೆ. ಒಬ್ಬ ಬೇಗ, ಒಬ್ಬ ತಡ. ಬೇಗ ಹೋಗುವವನನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಇಲ್ಲಿ ಅವನೇ ಕೆಲಸ ಕೆಡಿಸುವವನು. ಕಳೆದ ವರ್ಷ ನನ್ನ ಸೆಂಟರ್ ತುಂಬಾ ಚುರುಕು, ಗಾರ್ಡ್ ನಿಧಾನ. ಹತ್ತು ದಿನ ಟವೆಲ್ ಬೀಳುತ್ತಲೇ ಇತ್ತು. ಹನ್ನೊಂದನೇ ದಿನ ಸೆಂಟರ್ ತಾನಾಗಿಯೇ ಒಂದು ಉಪಾಯ ಮಾಡಿದ. ಚೆಂಡು ಹಿಂದಕ್ಕೆ ಕೊಟ್ಟ ಕೂಡಲೇ ಮೊಣಕೈಯಿಂದ ಗಾರ್ಡ್‌ನ ಪಕ್ಕೆ ಮುಟ್ಟಿ, ಅವನು ಇದ್ದಾನೆ ಅಂತ ಗೊತ್ತಾದ ಮೇಲೆ ಎರಡನೇ ಹೆಜ್ಜೆ ಇಟ್ಟ. ಅಂದು ಟವೆಲ್ 4 ಗಜ ಹೋಯಿತು. ಈಗ ಅದನ್ನೇ ಎಲ್ಲರಿಗೂ ಕಲಿಸುತ್ತೇನೆ.

ಸೊಂಟ ಕೂಡಿದ ಮೇಲೆ ಕಣ್ಣು. ಲೈನ್ ಕೋಚ್‌ಗಳೆಲ್ಲ ಹೇಳುವ ಮಾತೊಂದಿದೆ: ನಾಲ್ಕು ಕೈ ಎದುರಿನವನ ಮೇಲೆ, ನಾಲ್ಕು ಕಣ್ಣು ಲೈನ್‌ಬ್ಯಾಕರ್ ಮೇಲೆ. ಕೈಗೆ ಸಿಕ್ಕವನನ್ನು ನೋಡುತ್ತಾ ಕೂತರೆ ಹಿಂದಿನವನು ತಪ್ಪಿಸಿಕೊಳ್ಳುತ್ತಾನೆ. ಲೈನ್‌ಬ್ಯಾಕರ್ ಗಾರ್ಡ್‌ನ ಹೊರಗಿನಿಂದ ಬಂದರೆ ಗಾರ್ಡ್ ಬಿಟ್ಟು ಅವನನ್ನು ಹಿಡಿಯುತ್ತಾನೆ, ನೋಸ್ ಸೆಂಟರ್ ಪಾಲಿಗೆ. ಸೆಂಟರ್‌ನ ಹಿಂಬದಿಯಿಂದ ಬಂದರೆ ಸೆಂಟರ್ ಬಿಡುತ್ತಾನೆ, ನೋಸ್ ಗಾರ್ಡ್ ಪಾಲಿಗೆ.

ಯಾವಾಗ ಬಿಡಬೇಕು? ಮಕ್ಕಳು ಯಾವಾಗಲೂ ಬೇಗ ಬಿಡುತ್ತಾರೆ. ನೋಸ್ ಇನ್ನೂ ನಿಂತಲ್ಲೇ ಇರುತ್ತಾನೆ, ಗಾರ್ಡ್ ಲೈನ್‌ಬ್ಯಾಕರ್ ಹುಡುಕಿಕೊಂಡು ಓಡಿರುತ್ತಾನೆ, ಸೆಂಟರ್ ಒಬ್ಬನೇ ನಲುಗುತ್ತಾನೆ. ನನ್ನ ನಿಯಮ: ಲೈನ್‌ಬ್ಯಾಕರ್ ನಿನ್ನ ಕೈಗೆ ಎಟಕುವಷ್ಟು ಹತ್ತಿರ ಬರುವ ತನಕ ಬಿಡಬೇಡ. ಅವನು ಬರದಿದ್ದರೆ ಬಿಡಲೇಬೇಡ, ನೋಸ್‌ನನ್ನೇ ಒತ್ತಿಕೊಂಡು ಹೋಗಿ ಅವನ ಮೈಮೇಲೆ ಹಾಕು. ಹಿಂದಕ್ಕೆ ಹೋದ ನೋಸ್ ಲೈನ್‌ಬ್ಯಾಕರ್‌ನ ದಾರಿಗೇ ಅಡ್ಡವಾಗುತ್ತಾನೆ. ಕೈಗಳು ಮಾತ್ರ ಎದುರಾಳಿಯ ಎದೆಯ ಅಗಲದ ಒಳಗೇ ಇರಲಿ. ಭುಜದ ಆಚೆ ಜರ್ಸಿ ಹಿಡಿದೆಳೆದರೆ ಹೋಲ್ಡಿಂಗ್, 10 ಗಜ ಹಿಂದಕ್ಕೆ.

ಓಡುವವನಿಗೆ ತಾಳ್ಮೆ ಕಲಿಸುವುದು

ರನ್ನಿಂಗ್ ಬ್ಯಾಕ್‌ಗೆ ನಾನು ಹೇಳುವ ಗುರಿ ಓಟದ ಕಡೆಯ ಗಾರ್ಡ್‌ನ ಒಳಗಾಲು. ಚೆಂಡು ಸಿಗುವವರೆಗೂ, ಸಿಕ್ಕ ಮೇಲೆ ಒಂದೆರಡು ಹೆಜ್ಜೆಯೂ ಅದರ ಕಡೆಗೇ ಹೋಗಬೇಕು, ಮುಂದೆ ಗೋಡೆ ಇದ್ದಂತೆ ಕಂಡರೂ. ಇದಕ್ಕೆ ಕಾರಣವಿದೆ. ಲೈನ್‌ಬ್ಯಾಕರ್‌ಗಳು ನೋಡುವುದು ಇವನನ್ನು. ಇವನು ಗೋಡೆಯತ್ತ ಬಂದಷ್ಟೂ ಅವರೂ ಗೋಡೆಯತ್ತ ಬರುತ್ತಾರೆ, ನಮ್ಮವರ ಕೈಗೆ ಸಿಗುತ್ತಾರೆ. ಬೇಗ ತಿರುಗಿದರೆ ಅವರೂ ಬೇಗ ತಿರುಗುತ್ತಾರೆ, ಕಾಂಬೊ ಮಾಡಿದ್ದೆಲ್ಲ ವ್ಯರ್ಥ.

ಅವನು ನೋಡಬೇಕಾದ್ದು ಒಬ್ಬನನ್ನೇ. ಸೆಂಟರ್‌ನಿಂದ ಓಟದ ಕಡೆಗೆ ಕೈ ಊರಿದ ಮೊದಲ ಎದುರಾಳಿ. ನಮ್ಮ ಉದಾಹರಣೆಯಲ್ಲಿ ನೋಸ್. ನೋಸ್ ಒಳಗೆ, ಎಡಕ್ಕೆ ಸಿಕ್ಕಿಕೊಂಡಿದ್ದರೆ ಅವನ ಬಲಗಡೆಯಿಂದ ನೇರ ನುಗ್ಗು. ನೋಸ್ ಬಲಕ್ಕೆ ಓಡಿದ್ದರೆ ಅವನ ಬೆನ್ನ ಹಿಂದೆ, ಎಡಕ್ಕೆ ಬಾಗು. ಮೂರನೆಯದೂ ಒಂದಿದೆ, ಒಳಗೆಲ್ಲ ಮುಚ್ಚಿ ತುದಿ ತೆರೆದಿದ್ದರೆ ಹೊರಕ್ಕೆ ಜಿಗಿ. ಇದನ್ನು ಮಕ್ಕಳಿಗೆ ಸೀಸನ್‌ನ ಮೊದಲರ್ಧ ಹೇಳಲೇಬೇಡಿ. ಹೇಳಿದರೆ ಪ್ರತಿ ಸಲವೂ ಹೊರಕ್ಕೇ ಓಡುತ್ತಾರೆ. ಪಕ್ಕದ ಗೆರೆಯ ಕಡೆ ಓಡಿ ಎಲ್ಲರನ್ನೂ ದಾಟುವ ಆಸೆ ಪ್ರತಿ ಹುಡುಗನಿಗೂ ಇರುತ್ತದೆ, ಅಲ್ವಾ?

ಒಂದೇ ತಿರುವು. ಕಾಲು ಊರಿದ ಮೇಲೆ ಮುಂದಕ್ಕೇ. ಕುಣಿಯುವುದು, ನಿಲ್ಲುವುದು, ಮತ್ತೆ ಹೊರಳುವುದು ಬೇಡ. ಎರಡು ಗಜ ಸಿಕ್ಕರೆ ಎರಡು ಗಜವೇ ಸರಿ. ಹಿಂದಕ್ಕೆ ಹೋಗದ ಓಟ ಒಳ್ಳೆಯ ಓಟ ಅಂತ ನಾನು ಮಕ್ಕಳ ಮುಂದೆ ಜೋರಾಗಿಯೇ ಹೇಳುತ್ತೇನೆ, ಎರಡು ಗಜಕ್ಕೂ ಚಪ್ಪಾಳೆ ಹೊಡೆಸುತ್ತೇನೆ.

ಕಣ್ಣಿನ ಅಭ್ಯಾಸಕ್ಕೆ ಲೈನ್ ಬೇಕಾಗಿಲ್ಲ. ಐದು ಕೋನ್, ಒಬ್ಬ ಹುಡುಗ ನೋಸ್ ಜಾಗದಲ್ಲಿ. ಚೆಂಡು ಕೈಗೆ ಸಿಗುವ ಹೊತ್ತಿಗೆ ನಾನು ರನ್ನಿಂಗ್ ಬ್ಯಾಕ್‌ನ ಬೆನ್ನ ಹಿಂದಿನಿಂದ ಕೈಸನ್ನೆ ಮಾಡುತ್ತೇನೆ, ನೋಸ್ ಆದವನು ಅತ್ತ ಸರಿಯುತ್ತಾನೆ. ದಿನಕ್ಕೆ ಇಪ್ಪತ್ತು ಸಲ ಮಾಡಿದರೆ ಹದಿನೈದು ದಿನದಲ್ಲಿ ಕಣ್ಣು ಪಳಗುತ್ತದೆ.

ಬಿಟ್ಟುಬಿಟ್ಟ ಎಂಡ್

ಎಡತುದಿಯಲ್ಲಿ ಯಾರೂ ಮುಟ್ಟದ ಒಬ್ಬ ಇದ್ದಾನಲ್ಲ, ಅವನು ಸುಮ್ನೆ ನಿಲ್ಲುವುದಿಲ್ಲ. ಹಿಂದಿನಿಂದ ಓಡಿ ಬಂದು ರನ್ನಿಂಗ್ ಬ್ಯಾಕ್‌ನನ್ನು ಹಿಡಿಯಲು ನೋಡುತ್ತಾನೆ. ಅವನನ್ನು ಕಣ್ಣಲ್ಲೇ ಕಟ್ಟಿ ಹಾಕುವುದು ಕ್ವಾರ್ಟರ್‌ಬ್ಯಾಕ್, ಅಂದರೆ ಸೆಂಟರ್‌ನಿಂದ ಚೆಂಡು ಪಡೆದು ರನ್ನಿಂಗ್ ಬ್ಯಾಕ್‌ಗೆ ಕೊಡುವವನ ಕೆಲಸ. ಎಂಡ್ ಒಳಗೆ ನುಗ್ಗಿದರೆ ಚೆಂಡನ್ನು ಕೊಡದೆ ತಾನೇ ಇಟ್ಟುಕೊಂಡು ಎಂಡ್ ಬಿಟ್ಟುಬಂದ ಜಾಗಕ್ಕೆ ಓಡುತ್ತಾನೆ. ಎಂಡ್ ನಿಂತರೆ ಕೊಡುತ್ತಾನೆ. ಇದೇ ಝೋನ್ ರೀಡ್. 1990ರ ದಶಕದ ಆರಂಭದಲ್ಲಿ ವೆಸ್ಟ್ ವರ್ಜೀನಿಯಾದ ಗ್ಲೆನ್‌ವಿಲ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ರಿಚ್ ರಾಡ್ರಿಗೆಜ್ ಇದನ್ನು ಬೆಳೆಸಿದರು. ಮುಂದೆ ಕಾಲೇಜು ಫುಟ್‌ಬಾಲ್ ತುಂಬ ಹಬ್ಬಿತು.

ನಿಮ್ಮ ಕ್ವಾರ್ಟರ್‌ಬ್ಯಾಕ್‌ಗೆ 12 ವರ್ಷವಾದರೆ ಅವಸರ ಬೇಡ. ಎಂಡ್ ಏನು ಮಾಡುತ್ತಾನೆ ಅಂತ ನೋಡಿ ನಿರ್ಧರಿಸುವಾಗ ಚೆಂಡು ಇಬ್ಬರ ಕೈಯಲ್ಲೂ ಇದ್ದು ಕೆಳಗೆ ಬೀಳುತ್ತದೆ. ಮೊದಲ ತಿಂಗಳು ಪ್ರತಿ ಸಲವೂ ಕೊಡಲಿ, ಕೊಟ್ಟ ಮೇಲೆ ಚೆಂಡು ಕೈಯಲ್ಲಿ ಇದ್ದವನಂತೆ ಎಡಕ್ಕೆ 10 ಗಜ ಓಡಲಿ. ಎಂಡ್ ಒಂದು ಕ್ಷಣ ತಡೆದು ನೋಡುತ್ತಾನೆ. ನಮಗೆ ಬೇಕಾದ್ದು ಆ ಒಂದು ಕ್ಷಣ.

ವಾರವನ್ನು ಹೇಗೆ ಹಂಚುವುದು

ನಮ್ಮಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ. ಮೊದಲ ದಿನ ಹೆಜ್ಜೆ, ಟವೆಲ್, ಕಾಂಬೊ, ಎಲ್ಲ ಅರ್ಧ ವೇಗದಲ್ಲಿ. ಎರಡನೇ ದಿನ ಅರ್ಧ ಲೈನ್: ಸೆಂಟರ್, ಒಂದು ಕಡೆಯ ಗಾರ್ಡ್, ಟ್ಯಾಕಲ್, ಎದುರಿಗೆ ಮೂವರು. ಅರ್ಧ ಲೈನ್ ಇದ್ದರೆ ಕೋಚ್‌ಗೆ ಪ್ರತಿ ಕಾಲೂ ಕಾಣುತ್ತದೆ. ಹನ್ನೊಂದು ಜನ ನಿಂತರೆ ಧೂಳು ಮಾತ್ರ ಕಾಣುತ್ತದೆ. ಕೊನೆಯ ದಿನ ಪೂರ್ತಿ ತಂಡ, ಆದರೆ ಯಾರನ್ನೂ ನೆಲಕ್ಕೆ ಕೆಡವದೆ. ಆಗಸ್ಟ್ ಬಿಸಿಲಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಅಭ್ಯಾಸವಾದರೆ ಆಗಾಗ ನಿಲ್ಲಿಸಿ ನೀರು ಕೊಡಿ, ಕೇಳಿದಾಗಲೆಲ್ಲ ಕೊಡಿ.

ಫೋನ್‌ನಲ್ಲಿ ವಿಡಿಯೋ ತೆಗೆಯಿರಿ, ಲೈನ್‌ನ ಹಿಂದೆ ಎತ್ತರದ ಜಾಗದಿಂದ. ಪಕ್ಕದಿಂದ ತೆಗೆದದ್ದು ಏನೂ ತೋರಿಸುವುದಿಲ್ಲ. ಮನೆಗೆ ಬಂದು ಚೆಂಡನ್ನು ನೋಡಬೇಡಿ, ಮೊದಲ ಎರಡು ಹೆಜ್ಜೆ ಆದಲ್ಲಿ ನಿಲ್ಲಿಸಿ ನೋಡಿ. ಐದು ಬಲಗಾಲು ಒಂದೇ ಕೋನದಲ್ಲಿದೆಯಾ? ಇಬ್ಬಿಬ್ಬರ ಸೊಂಟದ ನಡುವೆ ಬೆಳಕು ಕಾಣುತ್ತಿದೆಯಾ? ಓಟ ಎಷ್ಟು ಗಜ ಹೋಯಿತು ಅನ್ನುವುದರ ಉತ್ತರ ಬಹುಪಾಲು ಆ ಒಂದು ಚಿತ್ರದಲ್ಲೇ ಇರುತ್ತದೆ.

ಔಟ್‌ಸೈಡ್ ಝೋನ್ ಯಾವಾಗ?

ಎರಡನೇ ಪ್ಲೇ ಬೇಕು ಅನ್ನಿಸುವುದು ಎದುರಾಳಿಗಳು ನಡುವೆ ಗುಂಪುಗೂಡಿದಾಗ. ಆಗ ಔಟ್‌ಸೈಡ್ ಝೋನ್ ಸೇರಿಸಿ. ನಿಯಮ ಅದೇ, ಕವರ್ಡ್ ಅನ್‌ಕವರ್ಡ್ ಅದೇ. ಮೊದಲ ಹೆಜ್ಜೆ ಮಾತ್ರ ಇನ್ನೂ ಅಗಲ, ಹೆಚ್ಚು ಪಕ್ಕಕ್ಕೆ. ಎದುರಾಳಿಯ ಹೊರ ಭುಜದ ಆಚೆ ತಲುಪುವುದು ಗುರಿ. ರನ್ನಿಂಗ್ ಬ್ಯಾಕ್‌ನ ಗುರಿಯೂ ಹೊರಕ್ಕೆ ಸರಿಯುತ್ತದೆ: ನಮ್ಮ ಟ್ಯಾಕಲ್‌ನ ಆಚೆ ಪಕ್ಕದಲ್ಲಿ ನಿಲ್ಲುವ ಟೈಟ್ ಎಂಡ್‌ನ ಹೊರಗಾಲು. ಟೈಟ್ ಎಂಡ್ ಇಲ್ಲದಿದ್ದರೆ ಅವನು ನಿಲ್ಲಬೇಕಾಗಿದ್ದ ಜಾಗ. 2010ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್‌ನ ಏರಿಯನ್ ಫಾಸ್ಟರ್ 1,616 ಗಜ ಓಡಿ ಲೀಗ್‌ಗೇ ಮೊದಲಿಗನಾದ. ಅವನನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲೇ ಇಲ್ಲ. ಅವನ ಹಳೆಯ ವಿಡಿಯೋ ಸಿಕ್ಕರೆ ಮಕ್ಕಳಿಗೆ ತೋರಿಸಿ. ಹೊರಕ್ಕೆ ಹೋಗುವಾಗ ಎಷ್ಟು ನಿಧಾನ, ಕಾಲು ಊರಿ ತಿರುಗಿದ ಮೇಲೆ ಎಷ್ಟು ವೇಗ ಅನ್ನುವುದನ್ನು ನೋಡಲಿ.

ಎದುರಾಳಿಯ ಹೊರ ಭುಜ ಸಿಗದಿದ್ದರೆ ಲೈನ್‌ಮನ್ ಹೋರಾಡುತ್ತಾ ನಿಲ್ಲಬಾರದು. ಎದುರಾಳಿ ಹೋಗಬೇಕು ಅನ್ನುವ ಕಡೆಗೇ, ಪಕ್ಕದ ಗೆರೆಯ ಕಡೆಗೇ, ಅವನನ್ನು ಒತ್ತಿಕೊಂಡು ಓಡಬೇಕು. ಮೈದಾನದ ಅಗಲ 53 ಗಜಕ್ಕೂ ಸ್ವಲ್ಪ ಜಾಸ್ತಿ. ಡಿಫೆನ್ಸ್ ಹೊರಗೆ ಹಿಗ್ಗಿದಷ್ಟೂ ಒಳಗೆ ಬಿರುಕು ಬಿಡುತ್ತದೆ, ರನ್ನಿಂಗ್ ಬ್ಯಾಕ್ ಆ ಬಿರುಕಿನಲ್ಲಿ ತಿರುಗುತ್ತಾನೆ. ಆಗ ಅವನನ್ನು ಹಿಂದಿನಿಂದ ಹಿಡಿಯುವವನು ಓಟದ ಆಚೆ ಕಡೆಯ ಎದುರಾಳಿ. ಹಾಗಾಗಿ ಓಟ ಬಲಕ್ಕಾದರೂ ಔಟ್‌ಸೈಡ್ ಝೋನ್ ಅಭ್ಯಾಸವನ್ನು ಎಡಗಡೆಯ ಗಾರ್ಡ್ ಮತ್ತು ಟ್ಯಾಕಲ್‌ನಿಂದ ಶುರು ಮಾಡಿ. ಟವೆಲ್ ಮೊದಲು ಅವರಿಬ್ಬರ ನಡುವೆ ಇಡಿ.